ಮುಂದಿನ ಹಲ್ಲಿಗೆ ಬಾಂಡಿಂಗ್: ಕುರ್ಚಿ ಏರುವ ಮೊದಲಿನಿಂದ ಕಡಕ್ ರೊಟ್ಟಿ ಮುರಿಯುವವರೆಗೆ

ಮುಂದಿನ ಹಲ್ಲಿನ ಮೂಲೆ ಚಕ್ಕೆ ಹಾರಿದೆ, ಎರಡು ಹಲ್ಲಿನ ನಡುವೆ ಸಂದಿ ಇದೆ, ಒಂದು ಹಲ್ಲು ಪಕ್ಕದ್ದಕ್ಕಿಂತ ಮೋಟಾಗಿದೆ. ಇಂಥವನ್ನು ಕ್ಯಾಪ್ ಹಾಕದೆ, ಹಲ್ಲನ್ನು ಹೆಚ್ಚು ಕೊರೆಯದೆ, ಹಲ್ಲಿನ ಬಣ್ಣದ ಕಾಂಪೊಸಿಟ್ (ಬೆಳಕು ಹಿಡಿದರೆ ಗಟ್ಟಿಯಾಗುವ ರಾಳದ ಮಾಲು) ಅಂಟಿಸಿ ತಿದ್ದುವ ಕೆಲಸವೇ ಬಾಂಡಿಂಗ್. ಒಂದು ಹಲ್ಲಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ, ಸಣ್ಣ ಚಕ್ಕೆಗೆ ಸೂಜಿಯೂ ಬೇಕಾಗುವುದಿಲ್ಲ. ಅದು ಆರು ತಿಂಗಳಿಗೇ ಕಳಚುತ್ತದೋ ಐದಾರು ವರ್ಷ ದಾಟುತ್ತದೋ ಎಂಬುದನ್ನು ಮಾಲಿನ ಕಂಪನಿಗಿಂತ ಹೆಚ್ಚಾಗಿ ಎರಡು ಸಂಗತಿಗಳು ತೀರ್ಮಾನಿಸುತ್ತವೆ: ಅಂಟಿಸುವ ಹೊತ್ತಿಗೆ ಹಲ್ಲು ಒಣಗಿತ್ತೇ, ಕಚ್ಚಿದಾಗ ಎದುರು ಹಲ್ಲು ಎಲ್ಲಿ ತಾಗುತ್ತದೆ.

ನಿಮ್ಮ ಹಲ್ಲಿಗೆ ಇದು ಒಗ್ಗುತ್ತದೆಯೇ?

ಸಂದಿಯ ಲೆಕ್ಕ ಮೊದಲು. ಮೇಲಿನ ನಡುಹಲ್ಲಿನ ಅಗಲ ಅದರ ಎತ್ತರದ ಶೇ 75ರಿಂದ 80ರಷ್ಟಿದ್ದರೆ ಕಣ್ಣಿಗೆ ಹಿತ. ಹಲ್ಲು 10 ಮಿಲಿಮೀಟರ್ ಎತ್ತರ, ಏಳೂವರೆ ಮಿಲಿಮೀಟರ್ ಅಗಲ ಇದೆ ಎನ್ನಿ. ನಡುವಿನ ಸಂದಿ 1 ಮಿಲಿಮೀಟರ್ ಇದ್ದರೆ ಎರಡೂ ಕಡೆ ಅರ್ಧರ್ಧ ಸೇರಿಸಿ ಮುಚ್ಚಿದರೆ ಗೊತ್ತೇ ಆಗುವುದಿಲ್ಲ. ಸಂದಿ 3 ಮಿಲಿಮೀಟರ್ ಇದ್ದರೆ ಒಂದೊಂದು ಹಲ್ಲೂ ಒಂಬತ್ತಕ್ಕೆ ಹೋಗಿ ಚೌಕಾಕಾರದ ಬಿಲ್ಲೆಯಂತೆ ಕಾಣುತ್ತದೆ. ಅಂಥವರು ಮೊದಲು ತಂತಿ ಹಾಕಿಸಿ ಸಂದಿ ಕಡಿಮೆ ಮಾಡಿಕೊಳ್ಳಬೇಕು. ಮೂವತ್ತು ದಾಟಿದ ಮೇಲೆ ಹೊಸದಾಗಿ ಸಂದಿ ಬಿಡುತ್ತಿದ್ದರೆ ಒಸಡು, ಎಲುಬು ತೋರಿಸಿ. ಸರಿಯುತ್ತಿರುವ ಹಲ್ಲಿಗೆ ಬಾಂಡಿಂಗ್ ಮಾಡಿಸುವುದು ಕುಸಿಯುವ ಗೋಡೆಗೆ ಸುಣ್ಣ ಬಳಿದ ಹಾಗೆ.

ಗುಟ್ಕಾ ತಿನ್ನುವವರು ತಮ್ಮದೇ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮೇಲಿನ ಕೆಳಗಿನ ಹಲ್ಲಿನ ನಡುವೆ ಇಟ್ಟು ನೋಡಿ. ಹೋಗದಿದ್ದರೆ, ಖಾರ ತಿಂದಾಗ ಕೆನ್ನೆಯೊಳಗೆ ಉರಿದರೆ, ಹಲ್ಲಿನ ಅಂದದ ಮಾತು ಆಮೇಲೆ. ಮೊದಲು ಬಾಯಿ ಪರೀಕ್ಷೆ ಮಾಡಿಸಿ.

ನಮ್ಮ ಭಾಗದ್ದೇ ಒಂದು ತೊಡಕಿದೆ. ಯಾದಗಿರಿ, ಕಲಬುರಗಿ ಜಿಲ್ಲೆಗಳ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಹಲ್ಲು ಒಸಡಿನೊಳಗೆ ಬೆಳೆಯುವ ಎಳೆ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಪಟ್ಟೆ ಹುಟ್ಟುತ್ತವೆ. ದೊಡ್ಡವರಾದ ಮೇಲೆ ನೀರು ಬದಲಿಸಿದರೂ, ಎಷ್ಟು ತಿಕ್ಕಿದರೂ ಅವು ಹೋಗುವುದಿಲ್ಲ. ಈ ಕಂದಿನ ಮೇಲೆ ನೇರವಾಗಿ ಕಾಂಪೊಸಿಟ್ ಬಳಿದರೆ ಬಣ್ಣ ಒಳಗಿನಿಂದ ಇಣುಕುತ್ತದೆ. ಮುಚ್ಚಲೆಂದು ದಪ್ಪ ಮಾಡಿದರೆ ತುಟಿ ಉಬ್ಬುತ್ತದೆ. ಹಾಗಾಗಿ ಕ್ರಮ ಹೀಗಿರಲಿ: ಮೊದಲು ಹಲ್ಲು ಕ್ಲೀನಿಂಗ್, ಆಮೇಲೆ ಆಸಿಡ್ ಬೆರೆತ ಪೇಸ್ಟಿನಿಂದ ಮೇಲ್ಪದರ ತುಸು ತೇಯುವ ಮೈಕ್ರೊಅಬ್ರೇಶನ್, ಬೇಕಿದ್ದರೆ ಬ್ಲೀಚಿಂಗ್. ಎಷ್ಟೋ ಜನರಿಗೆ ಅಲ್ಲಿಗೇ ಸಮಾಧಾನವಾಗಬಹುದು. ಉಳಿದ ಕಲೆಗೆ ಮಾತ್ರ ಬಾಂಡಿಂಗ್. ಬ್ಲೀಚ್ ಆದ ಮೇಲೆ ಎರಡು ವಾರ ಬಿಡಲೇಬೇಕು, ಏಕೆಂದರೆ ಹಲ್ಲಿನಲ್ಲಿ ಉಳಿದ ಆಕ್ಸಿಜನ್ ಅಂಟು ಗಟ್ಟಿಯಾಗಲು ಬಿಡುವುದಿಲ್ಲ. ಫ್ಲೋರೈಡ್ ಹಿಡಿದ ಎನಾಮಲ್ (ಹಲ್ಲಿನ ಹೊರಪದರ) ಅಂಟಿಸುವ ಮೊದಲು ಹಚ್ಚುವ ಆಸಿಡ್‌ಗೂ ಬೇಗ ಜಗ್ಗುವುದಿಲ್ಲ, ಅದನ್ನು ಹೆಚ್ಚು ಹೊತ್ತು ಇಡಬೇಕಾಗುತ್ತದೆ. ಚಿಕ್ಕಂದಿನಲ್ಲಿ ಎಲ್ಲಿಯ ನೀರು ಕುಡಿದಿರಿ ಎಂಬುದನ್ನು ಡಾಕ್ಟರಿಗೆ ನೀವಾಗಿಯೇ ಹೇಳಿ.

ಬಣ್ಣ ಆರಿಸುವುದು

ಬಾಯಿಗೆ ಹತ್ತಿ ಇಡುವ ಮೊದಲೇ ಇದು ಮುಗಿಯಬೇಕು. ಒಣಗಿದ ಹಲ್ಲು ಹತ್ತು ನಿಮಿಷದಲ್ಲೇ ಬೆಳ್ಳಗೆ ಕಾಣುತ್ತದೆ, ಆಗ ಆರಿಸಿದ ಬಣ್ಣ ಮರುದಿನ ಹೊಂದುವುದಿಲ್ಲ. ಲಿಪ್‌ಸ್ಟಿಕ್ ಒರೆಸಿ, ಕಿಟಕಿಯ ಬೆಳಕಿನಲ್ಲಿ ನೋಡಬೇಕು, ನೇರ ಬಿಸಿಲು ಬೇಡ. ಬಣ್ಣದ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ಗುಂಪು, ನಮ್ಮಲ್ಲಿ ಎ2, ಎ3 ಹೆಚ್ಚು ಬರುತ್ತವೆ. ಪಟ್ಟಿಯೊಂದನ್ನೇ ನಂಬಬೇಡಿ. ಬಳಸಲಿರುವ ಕಾಂಪೊಸಿಟನ್ನೇ ಕಡಲೆಬೇಳೆಯಷ್ಟು ತೆಗೆದು, ಅಂಟು ಹಚ್ಚದೆ ಹಲ್ಲಿನ ಮೇಲಿಟ್ಟು ಲೈಟ್ ಹಿಡಿಯಲು ಕೇಳಿ. ಗಟ್ಟಿಯಾದ ಮೇಲೆ ಕಾಣುವುದೇ ನಿಜವಾದ ಬಣ್ಣ, ನೋಡಿದ ಮೇಲೆ ಎಬ್ಬಿ ತೆಗೆದರಾಯಿತು. ಮದುವೆ ಹತ್ತಿರ ಬಂತೆಂದು ಒಂದೇ ಹಲ್ಲಿಗೆ 'ಇನ್ನೂ ಬೆಳ್ಳಗೆ ಮಾಡ್ರಿ' ಎನ್ನುವವರು ಬಹಳ. ಫೋಟೊದಲ್ಲಿ ಆ ಹಲ್ಲೊಂದೇ ಎದ್ದು ಕಾಣುತ್ತದೆ. ಬಿಳುಪು ಬೇಕಿದ್ದರೆ ಎಲ್ಲ ಹಲ್ಲಿಗೂ ಮೊದಲು ಬ್ಲೀಚ್ ಮಾಡಿಸಿ. ಕಾಂಪೊಸಿಟ್ ಬ್ಲೀಚ್‌ಗೆ ಬೆಳ್ಳಗಾಗುವುದಿಲ್ಲ.

ಕುರ್ಚಿಯಲ್ಲಿ

ಒಸಡಿನಿಂದ ರಕ್ತ ಬರುತ್ತಿದ್ದರೆ ಕ್ಲೀನಿಂಗ್ ಆಗಿ ವಾರ ಎರಡು ವಾರ ಕಳೆದು ಬನ್ನಿ. ರಕ್ತ, ಎಂಜಲು, ಉಸಿರಿನ ತೇವ ಮೂರೂ ಅಂಟಿನ ವೈರಿಗಳು. ಅದಕ್ಕೇ ರಬ್ಬರ್ ಡ್ಯಾಮ್ ಎಂಬ ಹಾಳೆ ಬಿಗಿದು, ಬೇಕಾದ ಹಲ್ಲುಗಳನ್ನಷ್ಟೇ ಅದರ ತೂತಿನಿಂದ ಹೊರಗೆಳೆಯುತ್ತಾರೆ. ಬರೀ ಹತ್ತಿ ಇಟ್ಟು ಮಾಡಿದರೂ ನಡೆಯುತ್ತದೆ, ಆದರೆ ನೀವು ನಾಲಿಗೆ ಆಡಿಸಕೂಡದು.

ಪ್ಯೂಮಿಸ್ ಪುಡಿಯಿಂದ ತಿಕ್ಕಿ, ಮುರಿದ ಅಂಚನ್ನು ಒಂದೆರಡು ಮಿಲಿಮೀಟರ್ ಓರೆ ಮಾಡುತ್ತಾರೆ. ಈ ಓರೆ ಇಲ್ಲದಿದ್ದರೆ ಹಲ್ಲು ಮುಗಿದು ಕಾಂಪೊಸಿಟ್ ಶುರುವಾಗುವಲ್ಲಿ ಗೆರೆ ಹೊಡೆದಂತೆ ಕಾಣುತ್ತದೆ. ಪಕ್ಕದ ಹಲ್ಲಿಗೆ ಟೆಫ್ಲಾನ್ ಟೇಪ್ ಸುತ್ತುತ್ತಾರೆ, ನಲ್ಲಿ ಕೂಡಿಸುವವರು ಸುತ್ತುವ ಬಿಳಿ ಟೇಪಿನ ಜಾತಿಯದೇ. ಆಮೇಲೆ ಶೇ 37ರ ಫಾಸ್ಫಾರಿಕ್ ಆಸಿಡ್ ಜೆಲ್: ಎನಾಮಲ್ ಮೇಲೆ 15ರಿಂದ 30 ಸೆಕೆಂಡು, ಒಳಗಿನ ಡೆಂಟಿನ್ ತೆರೆದಿದ್ದರೆ ಅಲ್ಲಿ 15 ದಾಟಬಾರದು. ತೊಳೆದು ಗಾಳಿ ಬಿಟ್ಟಾಗ ಹೊಳೆಯುತ್ತಿದ್ದ ಎನಾಮಲ್ ಹೊಳಪು ಕಳೆದು, ಸೀಮೆಸುಣ್ಣ ಉಜ್ಜಿದ ಹಾಗೆ ಮಬ್ಬು ಬಿಳಿಯಾಗಬೇಕು. ಇಡೀ ಕೆಲಸದ ಬುನಾದಿ ಈ ಮಬ್ಬು. ಅದು ಕಾಣದಿದ್ದರೆ, ಅಥವಾ ಈ ಹಂತದಲ್ಲಿ ಎಂಜಲು ತಗುಲಿದರೆ, ಒರೆಸಿ ಮುಂದುವರಿದರೆ ಸಾಲದು, ಮತ್ತೆ ಆಸಿಡ್‌ನಿಂದಲೇ ಆರಂಭ. ಗಾಳಿಯ ಕೊಳವೆಯಲ್ಲೇ ನೀರಿನ ಹನಿ ಇರುವುದೂ ಉಂಟು: ಕಂಪ್ರೆಸರ್ ನೀರು ಬಸಿಯದೆ ಬಿಟ್ಟರೆ ಹೀಗಾಗುತ್ತದೆ. ಬಾಯಿಗನ್ನಡಿಯ ಮೇಲೆ ಗಾಳಿ ಬಿಟ್ಟು ನೋಡಿದರೆ ತಕ್ಷಣ ತಿಳಿಯುತ್ತದೆ.

ಬಾಂಡ್ ದ್ರವವನ್ನು 20 ಸೆಕೆಂಡು ಉಜ್ಜಿ ಹಚ್ಚಿ, ಮೆಲ್ಲಗೆ ಗಾಳಿ ಬಿಟ್ಟು ಅದರೊಳಗಿನ ಸ್ಪಿರಿಟ್ ಆರಿಸಿ, ಲೈಟ್ ಹಿಡಿಯುತ್ತಾರೆ. ನಂತರ ಕಾಂಪೊಸಿಟ್, ಒಂದು ಪದರ 2 ಮಿಲಿಮೀಟರ್ ಮೀರದಂತೆ, ಪ್ರತಿ ಪದರಕ್ಕೂ 20 ಸೆಕೆಂಡು ಬೆಳಕು, ದೀಪದ ತುದಿ ಹಲ್ಲಿಗೆ ಹತ್ತಿಕೊಂಡಂತೆ. ದಪ್ಪ ಪದರ ಒಮ್ಮೆಗೇ ಇಟ್ಟರೆ ಮೇಲೆ ಕಲ್ಲು, ಒಳಗೆ ಹಸಿ. ದೊಡ್ಡ ಮೂಲೆ ಕಟ್ಟುವಾಗ ಹಿಂಬದಿಗೆ ಎನಾಮಲ್ ಬಣ್ಣ, ನಡುವೆ ಡೆಂಟಿನ್ ಬಣ್ಣ, ಮುಂದೆ ಮತ್ತೆ ಎನಾಮಲ್ ಬಣ್ಣ ಇಡುತ್ತಾರೆ. ಒಂದೇ ಬಣ್ಣದಲ್ಲಿ ಮುಗಿಸಿದರೆ ಅಂಚು ಪ್ಲಾಸ್ಟಿಕ್‌ನಂತೆ ಕಾಣುತ್ತದೆ. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿಗೆ ಹೊರಗೆ ಬಿಟ್ಟ ಕಾಂಪೊಸಿಟ್ ಮೆತ್ತಗಾಗಿ ಸಲಕರಣೆಗೇ ಅಂಟುತ್ತದೆ, ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದು ಗಡುಸು. ಎಸಿ ಕೋಣೆಯಲ್ಲಿ ಅರ್ಧ ಗಂಟೆ ಹೊರಗಿಟ್ಟದ್ದು ಹದ.

ಕೊನೆಗೆ ಒರಟು ಡಿಸ್ಕಿನಿಂದ ನಯದ ಡಿಸ್ಕಿನವರೆಗೆ ಪಾಲಿಶ್. ಸಂದಿಯಲ್ಲಿ ಫ್ಲಾಸ್ ದಾರ ಎಳೆದಾಗ ಎಳೆ ಬಿಡದೆ ಜಾರಬೇಕು, ಹರಿದರೆ ಅಲ್ಲಿ ಅಂಟು ಉಳಿದಿದೆ ಎಂದರ್ಥ. ಬಣ್ಣದ ಕಾಗದ ಕಚ್ಚಿಸಿ ನೋಡುವಾಗ ಮಲಗಿಯಷ್ಟೇ ಕಚ್ಚಬೇಡಿ. ಎದ್ದು ನೆಟ್ಟಗೆ ಕೂತು, ರೊಟ್ಟಿ ತುಂಡರಿಸುವ ಹಾಗೆ ಕೆಳದವಡೆಯನ್ನು ಮುಂದಕ್ಕೆ ತಂದು, ಎಡಕ್ಕೆ ಬಲಕ್ಕೆ ಜಾರಿಸಿ. ಹೊಸ ಅಂಚಿನ ಮೇಲೊಂದೇ ನೀಲಿ ಚುಕ್ಕೆ ಬಿದ್ದು ಪಕ್ಕದ ಹಲ್ಲು ಬರಿದಾಗಿದ್ದರೆ ಅದನ್ನು ತೇಯಲೇಬೇಕು, ಇಲ್ಲದಿದ್ದರೆ ಮುಂದಿನ ಚಕ್ಕೆ ಅಲ್ಲೇ ಹಾರುತ್ತದೆ. ಮನೆಗೆ ಹೋದಾಗ ಹೊಸದು ಸ್ವಲ್ಪ ಮಬ್ಬು, ಅಕ್ಕಪಕ್ಕದ್ದು ಬೆಳ್ಳಗೆ ಕಂಡರೆ ಗಾಬರಿ ಬೇಡ. ಒಂದೆರಡು ದಿನದಲ್ಲಿ ಹಲ್ಲು ತೇವ ಕುಡಿದು ಸಮವಾಗುತ್ತದೆ.

ಆಮೇಲಿನ ಬಾಳಿಕೆ

ಮೊದಲ 48 ಗಂಟೆ ಚಹಾ, ಅರಿಶಿನದ ಸಾರು, ಎಲೆಅಡಿಕೆ, ತಂಬಾಕು ಬಿಡಿ. ಕಡಕ್ ರೊಟ್ಟಿಯನ್ನು ಕೈಯಿಂದ ಮುರಿದು ಪಲ್ಯದಲ್ಲಿ ನೆನೆಸಿ ದವಡೆಯಲ್ಲಿ ಅಗಿಯಿರಿ, ಮುಂದಿನ ಹಲ್ಲಿನಿಂದ ಟಕ್ಕೆಂದು ಮುರಿಯುವ ಅಭ್ಯಾಸ ಇನ್ನು ಬೇಡ. ಹೊಲದ ಬದುವಿನಲ್ಲಿ ಹಲ್ಲಿನಿಂದಲೇ ಕಬ್ಬು ಸುಲಿಯುವುದು, ಪುಡಿಕೆ ಹರಿಯುವುದು, ದಾರ ಕತ್ತರಿಸುವುದು, ಉಗುರು ಕಡಿಯುವುದು ಇವಕ್ಕೂ ಅದೇ ಮಾತು. ಮಿಶ್ರಿ (ಸುಟ್ಟ ತಂಬಾಕಿನ ಪುಡಿ), ಇದ್ದಿಲು, ಉಪ್ಪು, ಹಲ್ಲುಪುಡಿ ತಿಕ್ಕಿದರೆ ಪಾಲಿಶ್ ಹೋಗಿ, ಒರಟಾದ ಮೈಗೆ ಚಹಾದ ಕರೆ ಕೂರುತ್ತದೆ. ಮೆತ್ತನೆ ಬ್ರಷ್, ಸಾದಾ ಫ್ಲೋರೈಡ್ ಪೇಸ್ಟ್ ಸಾಕು. ಆಲ್ಕೋಹಾಲ್ ಇರುವ ಮೌತ್‌ವಾಶ್ ಕಾಂಪೊಸಿಟನ್ನು ಮೆದು ಮಾಡುತ್ತದೆ, ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಕಂದು ಬಣ್ಣ ಹಿಡಿಸುತ್ತದೆ. ರಾತ್ರಿ ಹಲ್ಲು ಕಡಿಯುವವರು ನೈಟ್‌ಗಾರ್ಡ್ (ಮಲಗುವಾಗ ಹಲ್ಲಿಗೆ ಹಾಕುವ ಕವಚ) ಮಾಡಿಸಿಕೊಳ್ಳದೆ ಬಾಂಡಿಂಗ್ ಮಾಡಿಸಿದರೆ ದುಡ್ಡು ದಂಡ.

ಕೆಟ್ಟರೆ ಕಾರಣ ಹುಡುಕಿ. ತುಂಡು ಪೂರ್ತಿ ಕಳಚಿ ಬಂದರೆ ಅಂಟಿಸುವಾಗ ತೇವ ಇತ್ತು. ಅಂಚಷ್ಟೇ ಹಾರಿದರೆ ಕಚ್ಚುವಿಕೆ ತಪ್ಪಿದೆ. ಕೂಡಿದ ಕಡೆ ಕಂದು ಗೆರೆ ಬಂದರೆ ಓರೆ ಅಥವಾ ಪಾಲಿಶ್ ಸಾಲದಾಗಿತ್ತು. ತಣ್ಣೀರಿಗೆ ಒಂದು ವಾರ ಝುಮ್ಮೆನ್ನುವುದು ಸಹಜ, ಎರಡು ವಾರ ಮೀರಿದರೆ ತೋರಿಸಿ. ಪೂರ್ತಿ ತೆಗೆಯುವ ಅಗತ್ಯ ಕಡಿಮೆ, ಮೇಲ್ಮೈ ಒರಟು ಮಾಡಿ ಮೇಲೆ ಸೇರಿಸಬಹುದು. ಮನೆಯಲ್ಲೇ ಅಂಟಿಸುವ ಕಿಟ್, ಅಂಗಡಿಯ ಸೂಪರ್ ಗ್ಲೂ ಎರಡೂ ಬೇಡ, ಅಡಿಯಲ್ಲಿ ಹುಳುಕು ಹಿಡಿದರೂ ತಿಳಿಯುವುದಿಲ್ಲ.

ಕಲಬುರಗಿ, ಬೀದರ್ ಎರಡೂ ಕಡೆ ದಂತ ಕಾಲೇಜುಗಳಿವೆ. ಅಲ್ಲಿ ಕನ್ಸರ್ವೇಟಿವ್ ಡೆಂಟಿಸ್ಟ್ರಿ ವಿಭಾಗಕ್ಕೆ ಕಳಿಸಿ ಎಂದು ಹೇಳಿ. ವಿದ್ಯಾರ್ಥಿಗಳು ಮಾಡುವುದರಿಂದ ಹೊತ್ತು ಜಾಸ್ತಿ ಹಿಡಿಯುತ್ತದೆ, ಯಾದಗಿರಿಯಿಂದ ಬರುವವರು ಇಡೀ ದಿನ ಇಟ್ಟುಕೊಂಡು ಬೆಳಗಿನ ರೈಲಿಗೇ ಬರುವುದು ವಾಸಿ. ಮಕ್ಕಳು ಆಡುವಾಗ ಹಲ್ಲು ಮುರಿದುಕೊಂಡರೆ ಆ ತುಂಡನ್ನು ಹುಡುಕಿ, ಹಾಲಿನಲ್ಲೋ ನೀರಿನಲ್ಲೋ ಮುಳುಗಿಸಿ, ಅದೇ ದಿನ ತೆಗೆದುಕೊಂಡು ಹೋಗಿ. ಸರಿಯಾಗಿ ಕೂಡುವಂತಿದ್ದರೆ ಇದೇ ಆಸಿಡ್, ಇದೇ ಬಾಂಡ್ ಹಚ್ಚಿ ಅವರದೇ ಹಲ್ಲಿನ ತುಂಡನ್ನು ಮರಳಿ ಅಂಟಿಸುತ್ತಾರೆ, ಆಗ ಬಣ್ಣ ಹೊಂದಿಸುವ ತಾಪತ್ರಯವೇ ಇರುವುದಿಲ್ಲ.