ಟೆಂಪ್ಲೇಟ್‌ನಲ್ಲಿ ಹೆಡರ್, ಫೂಟರ್ ಹಾಕುವಾಗ

ವರ್ಡ್‌ನಲ್ಲಿ ಲೆಟರ್‌ಹೆಡ್ ಟೆಂಪ್ಲೇಟ್ (ಹೊಸ ಪತ್ರಗಳಿಗೆ ಬಳಸುವ ಮಾದರಿ ಫೈಲ್) ಮಾಡುವವರಿಗೆ ಒಂದು ಮಾತು. ಪುಟದ ಮೇಲಂಚಿನ ಹೆಡರ್, ಕೆಳಗಿನ ಅಂಚಿನ ಫೂಟರ್ ಸೇರುವುದು ಇಡೀ ಫೈಲಿಗಲ್ಲ, ಒಂದೊಂದು ಸೆಕ್ಷನ್‌ಗೆ, ಅಂದರೆ ಸೆಕ್ಷನ್ ಬ್ರೇಕ್ ಹಾಕಿ ಬೇರ್ಪಡಿಸಿದ ಭಾಗಕ್ಕೆ. ಹೊಸ ಸೆಕ್ಷನ್‌ನಲ್ಲಿ ಬೇರೆ ಹೆಡರ್ ಬೇಕಿದ್ದರೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ, ಮೊದಲು 'ಲಿಂಕ್ ಟು ಪ್ರೀವಿಯಸ್' ಆಫ್ ಮಾಡಿ, ಆಮೇಲೆ ಟೈಪ್ ಮಾಡಿ. ಇಲ್ಲದಿದ್ದರೆ ಹಿಂದಿನ ಸೆಕ್ಷನ್‌ನದ್ದೂ ಬದಲಾಗಿಬಿಡುತ್ತದೆ. ಫೂಟರ್‌ಗೆ ಇದನ್ನು ಬೇರೆಯಾಗಿಯೇ ಆಫ್ ಮಾಡಬೇಕು, ಮರೆಯಬೇಡಿ.

ಲೋಗೋ, ವಿಳಾಸ ಮೊದಲ ಪುಟಕ್ಕೆ ಮಾತ್ರ ಸಾಕು ಅಲ್ವಾ? 'ಡಿಫರೆಂಟ್ ಫಸ್ಟ್ ಪೇಜ್' ಟಿಕ್ ಮಾಡಿ. ಆದರೆ ಟೆಂಪ್ಲೇಟ್‌ನಲ್ಲಿ ಒಂದೇ ಪುಟ ಇದ್ದರೆ ಎರಡನೇ ಪುಟದ ಹೆಡರ್ ಕಣ್ಣಿಗೇ ಬೀಳುವುದಿಲ್ಲ. ಕಂಟ್ರೋಲ್ ಹಿಡಿದು ಎಂಟರ್ ಒತ್ತಿ. ಪೇಜ್ ಬ್ರೇಕ್ ಬಿದ್ದು ಹೊಸ ಪುಟ ಬರುತ್ತದೆ. ಅಲ್ಲಿ ಸಂಸ್ಥೆಯ ಹೆಸರು, ಪುಟಸಂಖ್ಯೆ ಹಾಕಿ, ಆಮೇಲೆ ಆ ಪೇಜ್ ಬ್ರೇಕ್ ಅಳಿಸಿ. ಹಾಕಿದ್ದು ಎಲ್ಲೂ ಹೋಗುವುದಿಲ್ಲ, ಪತ್ರ ಎರಡನೇ ಪುಟಕ್ಕೆ ಬೆಳೆದಾಗ ತಾನಾಗಿಯೇ ಕಾಣಿಸುತ್ತದೆ. ಪುಟಸಂಖ್ಯೆಯನ್ನು ಮಾತ್ರ ಸುಮ್ನೆ ಕೈಯಲ್ಲಿ ಟೈಪ್ ಮಾಡಬೇಡಿ, 'ಪೇಜ್ ನಂಬರ್' ಮೂಲಕವೇ ಹಾಕಿ.

ತಾನಾಗಿ ಅಪ್‌ಡೇಟ್ ಆಗುವ ತಾರೀಖೂ ಬೇಡ. ಹಳೇ ಪತ್ರ ಪ್ರಿಂಟ್ ತೆಗೆದಾಗ ಅದರಲ್ಲಿ ಇವತ್ತಿನ ದಿನಾಂಕ ಬಂದರೆ ಫಜೀತಿ. 'ಕ್ವಿಕ್ ಪಾರ್ಟ್ಸ್' ಒಳಗಿನ 'ಫೀಲ್ಡ್'ನಲ್ಲಿ 'ಕ್ರಿಯೇಟ್‌ಡೇಟ್' ಆರಿಸಿದರೆ ಪತ್ರ ಶುರು ಮಾಡಿದ ದಿನವೇ ಉಳಿಯುತ್ತದೆ.

ಸೇವ್ ಮಾಡುವಾಗ 'ವರ್ಡ್ ಟೆಂಪ್ಲೇಟ್' ಎಂದೇ ಆರಿಸಿ. ಮುಂದೆ ತಿದ್ದಬೇಕಾದರೆ ಆ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ, ಹೊಸ ಡಾಕ್ಯುಮೆಂಟ್ ತೆರೆದುಕೊಳ್ಳುತ್ತದೆ. ರೈಟ್ ಕ್ಲಿಕ್ ಮಾಡಿ 'ಓಪನ್' ಒತ್ತಿ. ಹೀಗೆ ತಿದ್ದಿದ ಹೆಡರ್ ಹೊಸ ಪತ್ರಗಳಿಗೆ ಮಾತ್ರ ಬರುತ್ತದೆ. ಹಳೆಯವನ್ನು ಒಂದೊಂದಾಗಿ ತೆರೆದು ನೀವೇ ಬದಲಿಸಬೇಕು.