ಬಂಧನ, ಕೋರ್ಟ್ ದಾಖಲೆ ಬೇಕಾ? ಹೆಸರಿಗಿಂತ ನಂಬರ್ ಹಿಡಿಯಿರಿ

ನೆಂಟರ ಹುಡುಗನನ್ನು ಪೊಲೀಸರು ಕರೆದುಕೊಂಡು ಹೋದರು ಎಂಬ ಸುದ್ದಿ ಬಂದರೆ ಸಾಕು, ಮನೆಯವರೆಲ್ಲ ಫೋನ್ ಹಿಡಿದು ಕೂರುತ್ತಾರೆ. ಠಾಣೆಯಲ್ಲಿ ನಮ್ಮವರು ಯಾರಾದರೂ ಇದ್ದಾರಾ? ಪರಿಚಯದ ವಕೀಲರು ಸಿಗುತ್ತಾರಾ? ವಕೀಲರು ಬೇಕು, ನಿಜ. ಆದರೆ ಅವರ ಆಫೀಸಿಗೆ ಹೋಗುವ ಮೊದಲು ನಾವೇ ನೋಡಿಕೊಳ್ಳಬಹುದಾದದ್ದು ಬೇಕಾದಷ್ಟಿದೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಒಬ್ಬರ ಹೆಸರು ಒತ್ತಿದರೆ ಅವರ ಬಂಧನ, ಕೇಸು, ಶಿಕ್ಷೆ ಎಲ್ಲ ಒಂದೇ ಕಡೆ ತೋರಿಸುವ ಸಾರ್ವಜನಿಕ ಪಟ್ಟಿ ನಮ್ಮಲ್ಲಿಲ್ಲ. ಠಾಣೆಯಲ್ಲಿ ಸ್ವಲ್ಪ, ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸ್ವಲ್ಪ, ಸೆಷನ್ಸ್ ಕೋರ್ಟಿನಲ್ಲಿ ಸ್ವಲ್ಪ ಹೀಗೆ ದಾಖಲೆ ಹಂಚಿಹೋಗಿರುತ್ತದೆ. ಒಂದು ಕಡೆಯ ನಂಬರ್ ಸಿಕ್ಕರೆ ಇನ್ನೊಂದು ಕಡೆಯದು ಸಿಗುತ್ತದೆ.

ಮೊದಲು ಠಾಣೆ

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಬಂದಿದೆ. ಅದರ ಕಲಂ 37ರ ಪ್ರಕಾರ ಪ್ರತಿ ಠಾಣೆಯಲ್ಲೂ ಬಂಧಿತರ ಮಾಹಿತಿ ಇಟ್ಟುಕೊಳ್ಳಲು ಎಎಸ್‌ಐ ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಒಬ್ಬ ಅಧಿಕಾರಿ ಇರಬೇಕು. ಬಂಧಿತರ ಹೆಸರು, ವಿಳಾಸ, ಆರೋಪ ಏನು ಎಂಬುದನ್ನು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಹಾಕಬೇಕು. ಆದ್ದರಿಂದ ಠಾಣೆಗೆ ಹೋಗಿ ಕೇಳಲು ಹಿಂಜರಿಯಬೇಡಿ.

ಕೇಳುವಾಗ ‘ಏನಾಯ್ತು ಸಾರ್’ ಎಂದಷ್ಟೇ ಕೇಳಿದರೆ ಕಥೆ ಸಿಗುತ್ತದೆ, ದಾಖಲೆ ಸಿಗುವುದಿಲ್ಲ. ಕ್ರೈಂ ನಂಬರ್ ಎಷ್ಟು, ಯಾವ ಕಲಂ ಹಾಕಿದ್ದೀರಿ, ಯಾವ ಕೋರ್ಟಿಗೆ ಹಾಜರುಪಡಿಸುತ್ತೀರಿ ಎಂದು ಕೇಳಿ. ಕ್ರೈಂ ನಂಬರ್ ಎಂದರೆ ಆ ವರ್ಷ ಆ ಠಾಣೆಯಲ್ಲಿ ದಾಖಲಾದ ಎಫ್‌ಐಆರ್‌ನ ಕ್ರಮಸಂಖ್ಯೆ. ಬಂಧಿಸುವಾಗ ಪೊಲೀಸರು ಒಂದು ಮೆಮೊ ಬರೆಯಬೇಕು, ಅದಕ್ಕೆ ಕನಿಷ್ಠ ಒಬ್ಬ ಸಾಕ್ಷಿಯ ಸಹಿ ಇರಬೇಕು. ಮನೆಯವರಿಗೆ ಅಥವಾ ಗೆಳೆಯರಿಗೆ ತಿಳಿಸುವುದೂ ಅವರ ಹೊಣೆ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಹಾಗಾಗಿ ಠಾಣೆಯಲ್ಲಿ ಉತ್ತರ ಸಿಗದಿದ್ದರೆ, ಮರುದಿನ ಆ ಠಾಣೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ವಿಚಾರಿಸಿ.

ಎಫ್‌ಐಆರ್ ಪ್ರತಿ

ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ, ಅದೂ ಅಲ್ಲೇ. ‘ನಾಳೆ ಬನ್ನಿ’ ಎಂದರೆ ಒಪ್ಪಬೇಕಿಲ್ಲ. ಆರೋಪಿಯ ಕಡೆಯವರು ಅರ್ಜಿ ಕೊಟ್ಟು ಪಡೆಯಬಹುದು. 2016ರ ಸೆಪ್ಟೆಂಬರ್ 7ರಂದು ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಗಡುವು ಹಾಕಿದೆ: ಪೊಲೀಸರಿಗೆ ಅರ್ಜಿ ಕೊಟ್ಟರೆ 24 ಗಂಟೆ, ಕೋರ್ಟಿಗೆ ಕೊಟ್ಟರೆ ಎರಡು ಕೆಲಸದ ದಿನ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕು, ನೆಟ್‌ವರ್ಕ್ ಕಷ್ಟವಿರುವ ಕಡೆ ಹೆಚ್ಚೆಂದರೆ 72 ಗಂಟೆ ಎಂದೂ ಅದೇ ಆದೇಶ ಹೇಳಿತು. ಹಾಗಾಗಿ ಕರ್ನಾಟಕ ರಾಜ್ಯ ಪೊಲೀಸ್ ಜಾಲತಾಣದಲ್ಲೂ ಒಮ್ಮೆ ಹುಡುಕಿ. ಅಲ್ಲಿ ಜಿಲ್ಲೆ, ಠಾಣೆ, ನಂಬರ್, ವರ್ಷ ಬೇಕಾಗುತ್ತದೆ.

ಸಿಗದಿದ್ದರೆ ಎಫ್‌ಐಆರ್ ಆಗಿಯೇ ಇಲ್ಲ ಎಂದುಕೊಳ್ಳಬೇಡಿ. ಲೈಂಗಿಕ ಅಪರಾಧ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ), ಭಯೋತ್ಪಾದನೆಯಂಥ ಪ್ರಕರಣಗಳನ್ನು ಜಾಲತಾಣಕ್ಕೆ ಹಾಕುವುದಿಲ್ಲ.

ಕೋರ್ಟಿನಲ್ಲಿ ಕೇಸ್ ಹುಡುಕುವುದು

ಹೆಚ್ಚಿನವರು ಸೋಲುವುದು ಇಲ್ಲೇ. ಇ-ಕೋರ್ಟ್ಸ್ ಸರ್ವಿಸಸ್ ಜಾಲತಾಣ ಅಥವಾ ಆ್ಯಪ್ ತೆರೆದು ಹೆಸರು ಹಾಕುತ್ತಾರೆ. ಏನೂ ಬರುವುದಿಲ್ಲ, ಇಲ್ಲವೇ ನೂರಾರು ಮಂಜುನಾಥರು ಬರುತ್ತಾರೆ. ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದವರು ಯಾರೋ, ಅವರ ಸ್ಪೆಲ್ಲಿಂಗ್ ಹೇಗೋ. ಮಂಡ್ಯದ ಗೌಡರಿಗೂ ಗದಗಿನ ಗೌಡರಿಗೂ ಇಂಗ್ಲಿಷಿನಲ್ಲಿ ಒಂದಕ್ಷರ ಬೇರೆ. ಲಕ್ಷ್ಮಣನನ್ನು ಎರಡು ಮೂರು ಥರ ಬರೆಯುತ್ತಾರೆ. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಹೆಸರಿನಿಂದಲೇ ಹುಡುಕಬೇಕಾದರೆ ಪೂರ್ತಿ ಹೆಸರು ಬೇಡ, ಮೊದಲ ನಾಲ್ಕೈದು ಅಕ್ಷರ ಮಾತ್ರ ಹಾಕಿ.

ಎಫ್‌ಐಆರ್ ನಂಬರಿನಿಂದ ಹುಡುಕುವುದೇ ಒಳ್ಳೆಯದು. ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆರಿಸಿ. ಆಮೇಲೆ ಠಾಣೆ, ಎಫ್‌ಐಆರ್ ನಂಬರ್, ವರ್ಷ ಕೊಡಿ. ಪೆಂಡಿಂಗ್ (ನಡೆಯುತ್ತಿರುವ), ಡಿಸ್ಪೋಸ್ಡ್ (ಮುಗಿದ) ಎರಡನ್ನೂ ನೋಡುವುದನ್ನು ಮರೆಯಬೇಡಿ. ಬೆಂಗಳೂರಿನಲ್ಲಿ ಕೋರ್ಟ್ ಸಂಕೀರ್ಣಗಳು ಹಲವಿವೆ. ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟುಗಳೇ ಬೇರೆ, ಮೇಯೋ ಹಾಲ್ ಬೇರೆ, ಬೆಂಗಳೂರು ಗ್ರಾಮಾಂತರ ಬೇರೆ. ತಪ್ಪು ಸಂಕೀರ್ಣ ಆರಿಸಿದರೆ ಕೇಸ್ ಇದ್ದರೂ ಕಾಣುವುದಿಲ್ಲ.

ಕೇಸ್ ಸಿಕ್ಕರೆ ಸಿಎನ್‌ಆರ್ ನಂಬರ್, ಅಂದರೆ ಆ ಕೇಸಿಗೆ ಮಾತ್ರ ಇರುವ ಗುರುತಿನ ಸಂಖ್ಯೆ, ಬರೆದಿಟ್ಟುಕೊಳ್ಳಿ. ಅಕ್ಷರ, ಅಂಕಿ ಸೇರಿ 16 ಇರುತ್ತವೆ. ನಮ್ಮ ರಾಜ್ಯದ್ದು ‘ಕೆಎ’ ಎಂದು ಶುರುವಾಗುತ್ತದೆ, ಕೊನೆಯ ನಾಲ್ಕು ಅಂಕಿ ವರ್ಷ. ಮುಂದಿನ ಸಲ ಇದೊಂದನ್ನು ಹಾಕಿದರೆ ಸಾಕು. ಮುಂದಿನ ದಿನಾಂಕ, ಕೇಸ್ ಯಾವ ಹಂತದಲ್ಲಿದೆ, ಅಪ್‌ಲೋಡ್ ಆದ ಆದೇಶಗಳು ಎಲ್ಲ ಸಿಗುತ್ತವೆ.

ತೆರೆಯ ಮೇಲೆ ಕಾಣುವ ಸಂಕ್ಷಿಪ್ತ ಅಕ್ಷರಗಳಿಗೆ ಗಾಬರಿಯಾಗಬೇಡಿ. ಸಿ.ಸಿ. ಅಂದರೆ ಮ್ಯಾಜಿಸ್ಟ್ರೇಟ್ ಮುಂದಿನ ಕ್ರಿಮಿನಲ್ ಕೇಸ್. ಎಸ್.ಸಿ. ಅಂದರೆ ಸೆಷನ್ಸ್ ಕೇಸ್. ಪಿ.ಸಿ.ಆರ್. ಖಾಸಗಿ ದೂರು. ಕ್ರಿಮಿನಲ್ ಮಿಸಲೇನಿಯಸ್ ಎಂದಿದ್ದರೆ ಸಾಮಾನ್ಯವಾಗಿ ಜಾಮೀನು ಅರ್ಜಿ. ಒಂದೇ ಘಟನೆಗೆ ಕ್ರೈಂ ನಂಬರ್ ಒಂದು, ಜಾಮೀನಿನದು ಇನ್ನೊಂದು, ಚಾರ್ಜ್‌ಶೀಟ್ (ಪೊಲೀಸರ ಆರೋಪಪಟ್ಟಿ) ಬಂದ ಮೇಲೆ ಸಿ.ಸಿ. ನಂಬರ್ ಮತ್ತೊಂದು ಇರುವುದು ಮಾಮೂಲು. ಪೊಲೀಸರು ‘ಬಿ ರಿಪೋರ್ಟ್’ ಹಾಕಿದ್ದಾರೆ ಎಂದರೆ ದೂರಿನಲ್ಲಿ ಹುರುಳಿಲ್ಲ ಎಂದು ಅವರು ವರದಿ ಕೊಟ್ಟಿದ್ದಾರೆ ಎಂದರ್ಥ, ‘ಸಿ ರಿಪೋರ್ಟ್’ ಎಂದರೆ ಪತ್ತೆಯಾಗಲಿಲ್ಲ. ಇದನ್ನೆಲ್ಲ ತಿಳಿಯದೆ, ಹೆಸರು ಕಂಡಿತು ಎಂದು ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವವರಿದ್ದಾರೆ. ಸಂಬಂಧ ಕುದುರಿಸುವ ಹೊತ್ತಿನಲ್ಲಂತೂ ಈ ಚಟ ಜಾಸ್ತಿ. ಎಫ್‌ಐಆರ್ ಆಯಿತು ಎಂದರೆ ತಪ್ಪು ಸಾಬೀತಾಯಿತು ಎಂದಲ್ಲ, ಅಲ್ವಾ? ತಂದೆಯ ಹೆಸರು, ಊರು ಹೊಂದುತ್ತದೆಯೇ ಎಂದೂ ನೋಡಬೇಕು.

ಹೈಕೋರ್ಟ್ ಕೇಸಾದರೆ ಕರ್ನಾಟಕ ಹೈಕೋರ್ಟಿನದೇ ಜಾಲತಾಣವಿದೆ. ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ಯಾವುದು ಎಂದು ಆರಿಸಿಕೊಳ್ಳಬೇಕು.

ದೃಢೀಕೃತ ನಕಲು

ಜಾಲತಾಣದ ಪ್ರತಿ ಓದಿಕೊಳ್ಳಲು ಸಾಕು. ಮೇಲ್ಮನವಿಗೋ ಕಚೇರಿಗೋ ಕೊಡಬೇಕಾದರೆ ದೃಢೀಕೃತ ನಕಲು ಬೇಕು. ಕೋರ್ಟಿನ ನಕಲು ಶಾಖೆಯಲ್ಲಿ ಅರ್ಜಿ ಕೊಡಿ. ಕೇಸ್ ನಂಬರ್, ಕಕ್ಷಿಗಾರರ ಹೆಸರು, ಮುಗಿದಿದ್ದರೆ ಯಾವ ದಿನ ಮುಗಿಯಿತು, ಯಾವ ಕಾಗದ ಬೇಕು ಇವು ಅದರಲ್ಲಿರಬೇಕು. ‘ಪೂರ್ತಿ ಫೈಲ್ ಕೊಡಿ’ ಎಂದು ಬರೆಯುವುದಕ್ಕಿಂತ ಆದೇಶದ ದಿನಾಂಕ ಹಾಕಿ ಕೇಳಿದರೆ ಕೆಲಸ ಬೇಗ ಆಗುತ್ತದೆ. ಅರ್ಜಿಗೆ ಕೋರ್ಟ್ ಫೀ ಇರುತ್ತದೆ, ನಕಲಿನ ಶುಲ್ಕ ಬೇರೆ. ಕೇಸಿಗೆ ಸಂಬಂಧಪಡದವರಾದರೆ ಯಾಕೆ ಬೇಕು ಎಂದು ವಿವರಿಸಿ ಕೋರ್ಟಿನ ಅನುಮತಿ ಪಡೆಯಬೇಕು.

ಮುಗಿದ ಕೇಸಿನ ಕಡತ ರೆಕಾರ್ಡ್ ರೂಮಿಗೆ ಹೋಗಿರುತ್ತದೆ. ಮೇಲ್ಮನವಿ ಆಗಿದ್ದರೆ ಮೇಲಿನ ಕೋರ್ಟಿನಲ್ಲಿರಬಹುದು. ನಕಲು ಕೈಗೆ ಬಂದಾಗ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ ನಮೂದಾಗಿದೆಯೇ ನೋಡಿಕೊಳ್ಳಿ. ಮೇಲ್ಮನವಿಯ ಗಡುವು ಲೆಕ್ಕ ಹಾಕುವಾಗ ನಕಲಿಗೆ ಹಿಡಿದ ಸಮಯವನ್ನು ಬಿಡುತ್ತಾರೆ.

ದುಡ್ಡು ಕೊಡಬೇಕಿಲ್ಲದವೂ ಇವೆ. ಜೈಲು ಶಿಕ್ಷೆಯಾದ ಆರೋಪಿಗೆ ತೀರ್ಪಿನ ಪ್ರತಿ ಉಚಿತ. ಪೊಲೀಸ್ ವರದಿ ಮೇಲೆ ನಡೆಯುವ ಕೇಸಿನಲ್ಲಿ ಚಾರ್ಜ್‌ಶೀಟ್ ಮತ್ತು ಅದರ ಜೊತೆಗಿನ ಹೇಳಿಕೆಗಳ ಪ್ರತಿಯನ್ನು, ಆರೋಪಿ ಹಾಜರಾದ 14 ದಿನದೊಳಗೆ ಅವನಿಗೂ, ವಕೀಲರನ್ನು ಇಟ್ಟುಕೊಂಡಿದ್ದರೆ ಸಂತ್ರಸ್ತರಿಗೂ ಕೊಡಬೇಕು. ಹೊರಗಿನವರಿಗೆ ಹೀಗೆ ಸಿಗುವುದಿಲ್ಲ. ಚಾರ್ಜ್‌ಶೀಟ್ ಸಾರ್ವಜನಿಕ ದಾಖಲೆಯಲ್ಲ, ಜಾಲತಾಣಕ್ಕೆ ಹಾಕಬೇಕಿಲ್ಲ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆರ್‌ಟಿಐ ಎಲ್ಲಿ ಕೆಲಸಕ್ಕೆ ಬರುತ್ತದೆ

ಕೋರ್ಟ್ ಕಡತದ ನಕಲಿಗೆ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಸುಮ್ನೆ ಒಂದು ತಿಂಗಳು ಹಾಳು. ಅದನ್ನು ಕೋರ್ಟಿನ ನಿಯಮದಂತೆಯೇ ಕೇಳಬೇಕು ಎಂದು 2020ರಲ್ಲೇ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಪೊಲೀಸ್ ಇಲಾಖೆಯಿಂದ ಮಾಹಿತಿ ಬೇಕಾದರೆ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ತನಿಖೆಗೆ ಅಡ್ಡಿಯಾಗುತ್ತದೆ ಎಂದು ನಿರಾಕರಿಸಲು ಅವಕಾಶವಿದೆ. ಹಾಗಾಗಿ ತನಿಖೆ ಮುಗಿದ ಕೇಸುಗಳಲ್ಲಿ ಉತ್ತರ ಸಿಗುವ ಸಾಧ್ಯತೆ ಹೆಚ್ಚು.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ, ಅದು ಕಾನೂನು ನೆರವಿನ ಸಹಾಯವಾಣಿ. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಕರೆ ಮಾಡುವಾಗ ಕ್ರೈಂ ನಂಬರ್, ಠಾಣೆಯ ಹೆಸರು ಕೈಯಲ್ಲಿರಲಿ.