ಟೇಬಲ್‌ಗೆ ಮುಂಚಿನ 80 ಮೀಟರ್: ಲೇಸರ್ ರನ್‌ನಲ್ಲಿ ನನ್ನ ಅನುಭವ

ನಾನು ಮಂಡ್ಯದವಳು, ವಯಸ್ಸು 41, ಊರಲ್ಲೇ ಒಂದು ಮೆಡಿಕಲ್ ಸ್ಟೋರ್ ಇಟ್ಕೊಂಡಿದ್ದೀನಿ. ಹೈಸ್ಕೂಲಲ್ಲಿ ಖೋ ಖೋ ಆಡ್ತಿದ್ದೆ, ಮದುವೆ ಆದ್ಮೇಲೆ ಬಸ್ ಹಿಡಿಯೋಕೆ ಬಿಟ್ರೆ ಓಡಿದ್ದೇ ಇಲ್ಲ. ಮಗಳು ಏಳನೇ ಕ್ಲಾಸಲ್ಲಿ ಲೇಸರ್ ರನ್ ಕಲೀಬೇಕು ಅಂದ್ಲು, ಅದಕ್ಕೆ ಪ್ರತಿ ಭಾನುವಾರ ಬೆಳಿಗ್ಗೆ ಟ್ರೈನಲ್ಲಿ ಮೈಸೂರಿಗೆ ಹೋಗೋದು, ಅವಳು ಪ್ರಾಕ್ಟೀಸ್ ಮಾಡೋವರೆಗೂ ನಾನು ಗ್ರೌಂಡ್ ಮೆಟ್ಟಿಲ ಮೇಲೆ ಟಿಫನ್ ಡಬ್ಬಿ ಇಟ್ಕೊಂಡು ಕಾಯೋದು. ಎರಡು ತಿಂಗಳು ಹಿಂಗೇ ಆಯ್ತು. ಒಂದಿನ ಅವಳ ಕೋಚ್ ಬಂದು "ಮೇಡಂ, ಸುಮ್ನೆ ಕೂತಿರ್ತೀರಲ್ಲ, 40 ದಾಟಿದವ್ರಿಗೂ ಬೇರೆ ವಿಭಾಗ ಇರುತ್ತೆ, ನೀವೂ ಒಂದ್ ಕೈ ನೋಡಿ" ಅಂದ್ರು. ನೋಡ್ದೆ, ಅಲ್ಲಿಂದ ಶುರು.

ಗೊತ್ತಿಲ್ಲದೋರಿಗೆ ಆಟ ಏನು ಅಂತ ಹೇಳ್ಬಿಡ್ತೀನಿ. ಓಡೋದು, ಮಧ್ಯೆ ಮಧ್ಯೆ ನಿಂತು ಲೇಸರ್ ಪಿಸ್ತೂಲಲ್ಲಿ ಗುರಿಗೆ ಹೊಡೆಯೋದು. ಇದು ಮಾಡರ್ನ್ ಪೆಂಟಾಥ್ಲಾನ್ ಅಂತ ಐದು ಆಟ ಸೇರಿರೋ ಒಲಿಂಪಿಕ್ ಸ್ಪರ್ಧೆಯ ಕೊನೇ ಭಾಗ, ಅದನ್ನೇ ಬೇರೆ ಆಟವಾಗೂ ಆಡ್ತಾರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ವರೆಗೂ ಶೂಟಿಂಗೇ ಬೇರೆ ಓಟನೇ ಬೇರೆ ಇತ್ತು, ಆಮೇಲೆ ಎರಡನ್ನೂ ಸೇರಿಸಿದ್ರು, 2012ರ ಲಂಡನ್ ಹೊತ್ತಿಗೆ ಛರ್ರೆ ಹಾರಿಸೋ ಏರ್ ಪಿಸ್ತೂಲ್ ಹೋಗಿ ಲೇಸರ್ ಬಂತು. ಪ್ಯಾರಿಸ್ 2024ರಲ್ಲಿ ಇದ್ದಿದ್ದು 600 ಮೀಟರ್‌ನ ಐದು ಸುತ್ತು, ಮಧ್ಯೆ ಮಧ್ಯೆ ನಾಲ್ಕು ಸಲ ಶೂಟಿಂಗ್. ಗುರಿ 10 ಮೀಟರ್ ದೂರ, ಅದರ ಅಗಲ 59.5 ಮಿಲಿಮೀಟರ್, ನಮ್ಮನೆ ಕಾಫಿ ಲೋಟದ ಬಾಯಿ ಹೆಚ್ಚುಕಮ್ಮಿ ಅಷ್ಟೇ ಇದೆ. ಒಂದೇ ಕೈಲಿ ಹಿಡಿದು ಹೊಡೀಬೇಕು, ಪ್ರತಿ ಶಾಟ್ ಆದ್ಮೇಲೂ ಪಿಸ್ತೂಲನ್ನ ಟೇಬಲ್‌ಗೆ ತಾಗಿಸಿ ಮತ್ತೆ ಲೋಡ್ ಮಾಡ್ಬೇಕು. ಗುರಿಗೆ ಐದು ಶಾಟ್ ಬೀಳೋವರೆಗೂ ಎಷ್ಟು ಸಲ ಬೇಕಾದ್ರೂ ಹೊಡೀಬಹುದು, ಆದ್ರೆ 50 ಸೆಕೆಂಡ್ ಆಯ್ತು ಅಂದ್ರೆ ಬಿದ್ದಿರಲಿ ಬಿಡಲಿ ಓಡ್ಬಹುದು. ಟಿವೀಲಿ ಹಿಮದ ಮೇಲೆ ಬಯಾಥ್ಲಾನ್ ನೋಡಿರ್ತೀರಲ್ಲ, ಅದರಲ್ಲಿ ತಪ್ಪಿದ್ರೆ ಪೆನಾಲ್ಟಿ ಸುತ್ತು ಇರುತ್ತೆ, ಇಲ್ಲಿ ಅದಿಲ್ಲ. ಟೇಬಲ್ ಮುಂದೆ ನಿಂತು ಕಳೀತಾ ಇರೋ ಟೈಮೇ ದಂಡ.

ಮೊದಲ ಟ್ರಯಲ್ ದಿನ ಮಗಳು ನೋಡ್ತಿದ್ದಾಳೆ ಅಂತ ಜೋರಾಗಿ ಓಡ್ದೆ. ಟೇಬಲ್‌ವರೆಗೂ ಸ್ಪ್ರಿಂಟ್. ಪಿಸ್ತೂಲ್ ಎತ್ತಿದ್ರೆ ಅದರ ತುದೀಲಿ ಗುರಿ ಹಿಡಿಯೋಕೆ ಇರೋ ಫ್ರಂಟ್ ಸೈಟ್ ಗುರಿಯ ಈ ಕಡೆಯಿಂದ ಆ ಕಡೆಗೆ ಉಯ್ಯಾಲೆ ಆಡ್ತಿದೆ, ಎದೆ ಏರಿಳೀತಿದೆ, ಸರಿಯಾಗಿ ಮಧ್ಯೆ ಬಂದಾಗ ಟಕ್ ಅಂತ ಟ್ರಿಗರ್ ಎಳೆಯೋದು, ಎಳೆದ ರಭಸಕ್ಕೇ ಅದು ಎಡಕ್ಕೆ ಕೆಳಗೆ ಹೋಗೋದು. ನಾಲ್ಕು ಶೂಟಿಂಗ್‌ಗೆ ಆದ ಟೈಮ್ 41, 50, 50, 50. ಅಂದ್ರೆ ಮೂರು ಸಲ ಐದು ಬೀಳಲೇ ಇಲ್ಲ. ಒಟ್ಟು 191 ಸೆಕೆಂಡ್ ಬರೀ ನಿಂತಿದ್ದೆ. ಓಟದಲ್ಲಿ ಸುತ್ತಿಗೆ 3 ನಿಮಿಷ 10 ಸೆಕೆಂಡ್.

ಕೋಚ್ ಅವತ್ತು ಹೇಳಿದ್ದು ಒಂದೇ ಮಾತು: "ಎದೆ ಬಡಿತ ನಿಲ್ಸೋಕೆ ಆಗಲ್ಲ ಮೇಡಂ, ಉಸಿರು ಮಾತ್ರ ನಿಮ್ಮ ಕೈಲಿರೋದು, ಅದನ್ನ ಟೇಬಲ್ ಹತ್ರ ಬಂದು ಹುಡುಕ್ಬೇಡಿ, ಅಲ್ಲಿಂದಲೇ ಹಿಡ್ಕೊಂಡು ಬನ್ನಿ" ಅಂತ ಟ್ರ್ಯಾಕ್ ತಿರುವಿನ ಕಡೆ ಕೈ ತೋರಿಸಿದ್ರು. ಆ ತಿರುವಿನಿಂದ ಟೇಬಲ್‌ಗೆ ಸುಮಾರು 80 ಮೀಟರ್. ಮುಂದಿನ ಐದು ತಿಂಗಳು ನಾನು ನಿಜವಾಗಿ ಕಲ್ತಿದ್ದು ಈ 80 ಮೀಟರ್ ಓಡೋದನ್ನ.

ಹೆಂಗೆ ಅಂದ್ರೆ, ತಿರುವು ದಾಟಿದ ತಕ್ಷಣ ಹೆಜ್ಜೆ ಚಿಕ್ಕದು ಮಾಡ್ತೀನಿ, ನಿಲ್ಲಲ್ಲ, ಸ್ವಲ್ಪ ಸಡಿಲ ಬಿಡ್ತೀನಿ ಅಷ್ಟೆ. ಉಸಿರನ್ನ ಬಾಯಿಂದ ಉದ್ದಕ್ಕೆ ಹೊರಗೆ ಬಿಡೋದು, ಒಳಗೆ ತಾನಾಗೇ ಬರುತ್ತೆ. ಬಲಗೈ ಬೆರಳು ಬಿಚ್ಚಿ ಎರಡು ಸಲ ಕೊಡವಿ ಭುಜ ಕೆಳಗಿಳಿಸೋದು, ಯಾಕಂದ್ರೆ ಓಡುವಾಗ ನಂಗೇ ಗೊತ್ತಿಲ್ಲದಂಗೆ ಭುಜ ಕಿವಿ ಹತ್ರ ಹೋಗಿರುತ್ತೆ. ಕಣ್ಣಲ್ಲಿ ನನ್ನ ಟೇಬಲ್ ನಂಬರ್ ಹುಡುಕೋದು. ಟೇಬಲ್‌ಗೆ ಬಂದು ಪಿಸ್ತೂಲ್ ಹಿಡಿದು ಎರಡು ಪೂರ್ತಿ ಉಸಿರು, ಮೂರನೇದು ಅರ್ಧ ಬಿಟ್ಟು ಅಲ್ಲೇ ತಡೆದು ಮೂರು ನಾಲ್ಕು ಸೆಕೆಂಡ್ ಒಳಗೆ ಹೊಡೀಬೇಕು, ಆಗ್ಲಿಲ್ಲ ಅಂದ್ರೆ ಇಳಿಸಿಬಿಡ್ಬೇಕು. ಹೆಚ್ಚು ಹೊತ್ತು ತಡೆದಷ್ಟೂ ಕೈ ನಡುಗೋದು ಜಾಸ್ತಿ ಆಗುತ್ತೆ. ಶಾಟ್ ಆದ್ಮೇಲೆ ಪಿಸ್ತೂಲ್ ಟೇಬಲ್‌ಗೆ ತಾಗಿಸ್ತೀವಲ್ಲ, ಆ ಗ್ಯಾಪಲ್ಲಿ ಒಂದು ಉಸಿರು. ಹಿಂಗೆ ಒಂದು ಉಸಿರಿಗೆ ಒಂದು ಶಾಟ್ ಅಂತ ತಾಳ ಕೂತ್ಬಿಟ್ರೆ ಐದಕ್ಕೆ 25 ಸೆಕೆಂಡ್ ಸಾಕು.

ಸ್ಲೋ ಮಾಡಿದ್ರೆ ಟೈಮ್ ಹೋಗಲ್ವಾ ಅಂತ ನಾನೂ ಕೇಳಿದ್ದೆ. ಲೆಕ್ಕ ಹಾಕಿ ನೋಡಿ, ಕಿಲೋಮೀಟರ್‌ಗೆ 5 ನಿಮಿಷದ ವೇಗದಲ್ಲಿ 80 ಮೀಟರ್‌ಗೆ 24 ಸೆಕೆಂಡ್, 5 ನಿಮಿಷ 40 ಸೆಕೆಂಡ್‌ಗೆ ಇಳಿಸಿದ್ರೆ 27. ಹೋಗೋದು ಮೂರು ಸೆಕೆಂಡ್. ಟೇಬಲ್ ಹತ್ರ ಉಳಿಯೋದು ಹತ್ತು ಹದಿನೈದು.

ಪ್ರಾಕ್ಟೀಸ್‌ಗೆ ಇದ್ದಿದ್ದು ಅಂಗಡಿ ತೆಗೆಯೋಕೆ ಮುಂಚಿನ ಎರಡು ಗಂಟೆ. ಮಂಗಳವಾರ ವಿ.ಸಿ. ನಾಲೆ ಏರಿ ಮೇಲೆ 600 ಮೀಟರ್ ಐದು ಸಲ, ಮಧ್ಯೆ ಒಂದೊಂದು ನಿಮಿಷ ಗ್ಯಾಪು, ಆ ಒಂದು ನಿಮಿಷ ಸುಮ್ನೆ ನಿಲ್ಲೋದಲ್ಲ, ಕೈ ಚಾಚಿ ಐದು ಉಸಿರಿನ ತಾಳ ಹಾಕೋದು. ಗುರುವಾರ ಮಾತಾಡ್ಕೊಂಡು ಓಡೋ ಅಷ್ಟು ನಿಧಾನಕ್ಕೆ 5 ಕಿಲೋಮೀಟರ್. ತಮ್ಮನ ಮಗ ಸೈಕಲ್ಲಲ್ಲಿ ಜೊತೆಗೆ ಬರ್ತಿದ್ದ, ಕಬ್ಬು ಕಡಿಯೋ ಟೈಮಲ್ಲಿ ಬೆಳಿಗ್ಗೆಯೇ ಟ್ರ್ಯಾಕ್ಟರ್‌ಗಳು ಬರೋದ್ರಿಂದ ಒಬ್ಳೇ ಹೋಗೋಕೆ ಧೈರ್ಯ ಬರ್ತಿರಲಿಲ್ಲ. ಭಾನುವಾರ ಮೈಸೂರಲ್ಲಿ ನಿಜವಾದ ಪಿಸ್ತೂಲ್ ಜೊತೆ, ಅದು ಬಿಟ್ರೆ ಬಿಡುವು ಸಿಕ್ಕಾಗ ಕುಕ್ಕರಹಳ್ಳಿ ಕೆರೆ ಒಂದು ಸುತ್ತು. ಚಾಮುಂಡಿ ಬೆಟ್ಟದ ಮೆಟ್ಟಿಲು ಎರಡು ಸಲ ಓಡಿ ಹತ್ತಿದೆ, ನನ್ನ ಮೀನಖಂಡಕ್ಕೆ ಅದು ಆಗಲಿಲ್ಲ. ದಿನವಿಡೀ ಕೌಂಟರ್ ಹಿಂದೆ ನಿಂತಿರೋರಿಗೆ ಅಲ್ಲೇ ಬಿಗಿ ಹಿಡಿದಿರುತ್ತೆ, ಬಿಟ್ಟುಬಿಟ್ಟೆ.

ಮನೇಲಿ ಪಿಸ್ತೂಲ್ ಇಲ್ವಲ್ಲ, ಅದಕ್ಕೆ ಟೆರೇಸ್ ಗೋಡೆ ಮೇಲೆ ಕಾಫಿ ಲೋಟ ಕವುಚಿ ಪೆನ್ಸಿಲಲ್ಲಿ ಸುತ್ತು ಎಳೆದು ಕಪ್ಪು ಬಳಿದೆ, ಅಲ್ಲಿಂದ 10 ಮೀಟರ್ ಟೇಪಲ್ಲಿ ಅಳೆದು ಗೆರೆ ಹಾಕ್ಕೊಂಡೆ. ಪಿಸ್ತೂಲ್ ಬದಲು ಒಂದು ಲೀಟರ್ ನೀರಿನ ಬಾಟ್ಲು, ತುಂಬಿಸಿದ್ರೆ ಒಂದು ಕೆಜಿ. ಮೆಟ್ಟಿಲು ನಾಲ್ಕು ಸಲ ಹತ್ತಿ ಇಳಿದು ಏದುಸಿರು ಬರೋವಾಗ ಬಾಟ್ಲು ಎತ್ತಿ ಸುತ್ತಿನ ಮೇಲೆ ನಿಲ್ಸೋದು. ನಮ್ಮತ್ತೆ ಮೊದಲ ದಿನ ನೋಡಿ "ಇದೇನವ್ವ, ಗ್ವಾಡೆಗೆ ಬಾಟ್ಲು ತೋರ್ಸ್ಕಂಡು ನಿಂತಿದ್ದೀಯೆ" ಅಂದ್ರು, ಹಿಂಗಿಂಗೆ ಅಂತ ಹೇಳ್ದೆ, ಆಮೇಲೆ ಅವ್ರೇ ಮೊಬೈಲಲ್ಲಿ ಟೈಮ್ ನೋಡಿ ಎಣಿಸೋರು. ಒಂದು ತಪ್ಪು ಮಾಡಿದೆ, ಜಾಸ್ತಿ ಹೊತ್ತು ಹಿಡಿದ್ರೆ ಶಕ್ತಿ ಬರುತ್ತೆ ಅಂತ ದಿನಾ ಒಂದೊಂದು ನಿಮಿಷ ಚಾಚಿ ಹಿಡಿದೆ, ಮೂರನೇ ವಾರಕ್ಕೆ ಭುಜ ಎತ್ತೋಕೆ ಆಗ್ದಂಗೆ ನೋವು, ಎರಡು ವಾರ ಎಲ್ಲಾ ಬಂದ್. ರೇಸಲ್ಲಿ ಒಂದು ಸಲಕ್ಕೆ ಹಿಡಿಯೋದೇ ನಾಲ್ಕು ಸೆಕೆಂಡ್, ಒಂದು ನಿಮಿಷ ಹಿಡಿದು ಏನು ಮಾಡ್ಬೇಕಿತ್ತು? ಆಮೇಲಿಂದ ಐದು ಸೆಕೆಂಡ್ ಎತ್ತು, ಇಳಿಸು, ಹಂಗೆ ಇಪ್ಪತ್ತು ಸಲ, ದಿನ ಬಿಟ್ಟು ದಿನ.

ಈಗ ಸಾಮಾನಿನ ವಿಷಯ. ಇದರಲ್ಲಿ ನಂಗೆ ಅತಿ ಹೆಚ್ಚು ತೊಂದ್ರೆ ಕೊಟ್ಟಿದ್ದು ಕನ್ನಡಕ, ಮತ್ತೆ ಇದನ್ನ ಯಾರೂ ಮೊದಲೇ ಹೇಳಿರಲಿಲ್ಲ. ಶೂಟಿಂಗಲ್ಲಿ ಕಣ್ಣು ನೆಡಬೇಕಾಗಿರೋದು ಗುರಿ ಮೇಲಲ್ಲ, ಪಿಸ್ತೂಲಿನ ತುದೀಲಿರೋ ಫ್ರಂಟ್ ಸೈಟ್ ಮೇಲೆ, ಗುರಿ ಮಸುಕಾಗೇ ಕಾಣ್ಬೇಕು. ನಂಗೆ ದೂರದ ಪವರ್ ಮೈನಸ್ 2.50, ಮೇಲಾಗಿ 40 ಆದ್ಮೇಲೆ ಹತ್ತಿರದ್ದೂ ಮಂಜಾಗೋಕೆ ಶುರುವಾಗಿದೆ, ಹಂಗಾಗಿ ಮಾಮೂಲಿ ಕನ್ನಡಕದಲ್ಲಿ ಗುರಿ ಚೆನ್ನಾಗಿ ಕಾಣುತ್ತೆ, ಸೈಟ್ ಮಾತ್ರ ಎರಡೆರಡಾಗಿ ಹರಡುತ್ತೆ. ದೂರ, ಹತ್ತಿರ ಎರಡಕ್ಕೂ ಒಂದೇ ಗಾಜಲ್ಲಿ ಪವರ್ ಇರೋ ಪ್ರೋಗ್ರೆಸ್ಸಿವ್ ಲೆನ್ಸ್ ಹಾಕಿ ನೋಡ್ದೆ, ಓಡಿ ಬಂದಾಗ ತಲೆ ಒಂದೊಂದು ಸಲ ಒಂದೊಂದು ಎತ್ತರದಲ್ಲಿರುತ್ತೆ, ಸೈಟ್ ಸ್ಪಷ್ಟವಾಗಿರೋ ಜಾಗ ಹುಡುಕೋದ್ರಲ್ಲೇ ಹತ್ತು ಸೆಕೆಂಡ್ ಹೋಗುತ್ತೆ. ಕೊನೆಗೆ ಕಣ್ಣಿನ ಡಾಕ್ಟ್ರ ಹತ್ರ ಕೈ ಚಾಚಿ ತೋರಿಸಿ "ನಂಗೆ ಇಷ್ಟು ದೂರದಲ್ಲಿ ಸ್ಪಷ್ಟ ಕಾಣ್ಬೇಕು ಡಾಕ್ಟ್ರೇ" ಅಂದೆ. ಅವ್ರು ಗುರಿ ಇಡೋ ಬಲಗಣ್ಣಿಗೆ ಮಾತ್ರ 0.50 ಪವರ್ ಕಮ್ಮಿ ಮಾಡಿ ಮೈನಸ್ 2.00 ಬರೆದುಕೊಟ್ರು, ಎಡಗಣ್ಣಿಗೆ ಹಳೇದೇ. ಓಡುವಾಗ ಎಡಗಣ್ಣು ದಾರಿ ನೋಡ್ಕೊಳ್ಳುತ್ತೆ, ಹೊಡೆಯುವಾಗ ಬಲಗಣ್ಣಿಗೆ ಸೈಟ್ ಕಪ್ಪಗೆ ಚೌಕಾಕಾರ ಎದ್ದು ಕಾಣುತ್ತೆ. ಹೊಸ ಕನ್ನಡಕ ಬಂದ ಭಾನುವಾರನೇ ಶೂಟಿಂಗ್ ಟೈಮ್ ಏಳೆಂಟು ಸೆಕೆಂಡ್ ಇಳೀತು, ನಾನು ಕಣ್ಣಲ್ಲಿ ನೀರು ತುಂಬ್ಕೊಂಡು ಮಗಳನ್ನ ತಬ್ಕೊಂಡಿದ್ದೆ.

ಶೂ ವಿಷಯದಲ್ಲಿ ಎಲ್ರೂ ಹೇಳಿದ್ರು ಅಂತ ದಪ್ಪ ಮೆತ್ತನೆ ಸೋಲಿಂದು ತಗೊಂಡೆ. ಓಡೋಕೆ ಹಾಯಾಗಿತ್ತು, ಆದ್ರೆ ಟೇಬಲ್ ಮುಂದೆ ನಿಂತಾಗ ಹಾಸಿಗೆ ಮೇಲೆ ನಿಂತಂಗೆ ದೇಹ ತೂಗುತ್ತೆ, 10 ಮೀಟರ್ ಆಚೆ ಆ ತೂಗಾಟ ಎಷ್ಟು ದೊಡ್ಡದಾಗುತ್ತೆ ಯೋಚನೆ ಮಾಡಿ. ಈಗ ತೆಳು, ಸ್ವಲ್ಪ ಗಟ್ಟಿ ಸೋಲಿನ ಶೂ. ಬಟ್ಟೆ ಬಗ್ಗೆ ಹೆಣ್ಮಕ್ಕಳಿಗೆ ಎರಡು ಮಾತು: ಕಂಕುಳಲ್ಲಿ ಬಿಗಿ ಇರೋ ಟೀ ಶರ್ಟ್ ಬೇಡ, ಕೈ ಎತ್ತಿದ್ರೆ ಬಟ್ಟೆ ಎಳೆದು ಕೈ ಕೆಳಗೆ ತರುತ್ತೆ, ಜಡೆ ಬಿಡಬೇಡಿ, ಗಂಟು ಹಾಕಿ, ಓಡಿ ನಿಂತ ಮೇಲೂ ಅದು ಭುಜಕ್ಕೆ ಬಡೀತಾ ಇರುತ್ತೆ.

ಪಿಸ್ತೂಲ್ ಕೋಚ್ ಹತ್ರದ್ದು, ಗ್ರಿಪ್ ಗಂಡಸರ ಕೈ ಅಳತೇದು, ಬೆವರಿದ್ರೆ ಒಳಗೇ ಜಾರೋದು. ಬೇರೆಯವ್ರ ಪಿಸ್ತೂಲ್ ಕೆತ್ತಿಸೋಕೆ ಆಗಲ್ಲ, ಅದಕ್ಕೆ ನಮ್ಮ ಅಂಗಡೀಲೇ ಮಾರೋ ಬಟ್ಟೆ ಪ್ಲಾಸ್ಟರ್ ಎರಡು ಸುತ್ತು ಸುತ್ತಿದೆ, ಬೆವರೂ ಹೀರುತ್ತೆ, ಕೈಗೂ ತುಂಬ್ಕೊಳುತ್ತೆ, ಪ್ರಾಕ್ಟೀಸ್ ಆದ್ಮೇಲೆ ಬಿಚ್ಚಿಕೊಡ್ಬಹುದು. ಬ್ಯಾಟರಿ ನನ್ನದೇ ಹೊಸದು, ಜೇಬಲ್ಲಿ ಇನ್ನೊಂದು ಜೊತೆ. ಟೋಕಿಯೋ ಒಲಿಂಪಿಕ್ಸಲ್ಲಿ ಮನು ಭಾಕರ್ ಅಂಥವ್ರಿಗೇ ಕ್ವಾಲಿಫಿಕೇಶನ್ ಮಧ್ಯೆ ಪಿಸ್ತೂಲ್ ಕೈ ಕೊಡ್ತು, ಟೈಮ್ ಹಾಳಾಗಿ ಫೈನಲ್ ತಪ್ಪಿಹೋಯ್ತು, ಮೂರು ವರ್ಷ ಆದ್ಮೇಲೆ ಪ್ಯಾರಿಸಲ್ಲಿ ಆ ಹುಡುಗಿ ಎರಡು ಕಂಚು ತಂದ್ಲು. ಅದನ್ನ ನೆನೆಸ್ಕೊಂಡು ನಾನು ಪ್ರತಿ ಸಲ ಹಿಂದಿನ ರಾತ್ರಿನೇ ಎಲ್ಲಾ ತೆಗೆದು ನೋಡ್ತೀನಿ. ಇನ್ನೊಂದು, ಟ್ರೈನಲ್ಲಿ ಪಿಸ್ತೂಲ್ ತಗೊಂಡು ಹೋಗ್ಬೇಕಾಗಿ ಬಂದ್ರೆ ಗಟ್ಟಿ ಪೆಟ್ಟಿಗೇಲಿ ಹಾಕಿ ಬೀಗ ಹಾಕಿ, ಕೋಚ್ ಹತ್ರ ಒಂದು ಲೆಟರ್ ಇಸ್ಕೊಳ್ಳಿ. ಯಾರೇ ಕೇಳಿದ್ರೂ ಬೋಗಿ ಒಳಗೆ ತೆಗೆದು ತೋರಿಸ್ಬೇಡಿ, ದೂರದಿಂದ ನೋಡೋರಿಗೆ ಅದು ಪಿಸ್ತೂಲೇ. ಲೇಸರ್ ಅಂತ ಹಗುರವಾಗಿ ತಗೊಂಡು ಮಕ್ಕಳು ಒಬ್ಬರ ಮುಖಕ್ಕೆ ಇನ್ನೊಬ್ರು ಹಿಡಿಯೋದನ್ನೂ ನೋಡಿದ್ದೀನಿ, ಅದು ಮಾತ್ರ ಖಂಡಿತ ಕೂಡದು.

ಊಟದ್ದು ಜಾಸ್ತಿ ಹೇಳೋಕೇನಿಲ್ಲ. ರಾತ್ರಿ ಮುದ್ದೆ ಊಟ ನಂಗೆ ಚೆನ್ನಾಗೇ ಹಿಡೀತು, ಬೆಳಿಗ್ಗೆ ಎರಡು ಗಂಟೆ ಮುಂಚೆ ರಾಗಿ ಗಂಜಿ. ಕಾಫಿ ಮಾತ್ರ ಶೂಟಿಂಗ್ ಮುಂಚೆ ಬೇಡ. ಒಂದು ಭಾನುವಾರ ಖಾಲಿ ಹೊಟ್ಟೇಲಿ ಎರಡು ಲೋಟ ಸ್ಟ್ರಾಂಗ್ ಕಾಫಿ ಕುಡಿದು ಹೋಗಿದ್ದೆ, ಬೆರಳು ನಡುಗೋದು ಕಣ್ಣಿಗೆ ಕಾಣ್ತಿತ್ತು.

ಕಾಂಪಿಟಿಷನ್ ದಿನ ನಮ್ಮ ವಿಭಾಗಕ್ಕೂ ಐದು ಸುತ್ತು, ನಾಲ್ಕು ಶೂಟಿಂಗೇ ಇಟ್ಟಿದ್ರು, ಆರು ಜನ ಇದ್ವಿ. ವಾರ್ಮಪ್ ಮಾಡಿದ್ದು ಏಳೂವರೆಗೆ, ನಮ್ಮ ಸರದಿ ಬಂದಿದ್ದು ಹನ್ನೊಂದಕ್ಕೆ, ಅಷ್ಟೊತ್ತಿಗೆ ಬಿಸಿಲು ನೆತ್ತಿ ಮೇಲೆ. ಮೊದಲ ಸುತ್ತಲ್ಲಿ ಇಬ್ರು ನನ್ನ ದಾಟಿ ಜೋರಾಗಿ ಹೋದ್ರು, ಅವ್ರ ಹಿಂದೆ ಹೋಗ್ಬೇಕು ಅಂತ ಕಾಲು ತುಡೀತಿತ್ತು, ತಡ್ಕೊಂಡೆ. ತಿರುವು, ಚಿಕ್ಕ ಹೆಜ್ಜೆ, ಕೈ ಕೊಡವೋದು. 28 ಸೆಕೆಂಡ್. ಟೇಬಲ್‌ನಿಂದ ಹೊರಡುವಾಗ ಆ ಇಬ್ರೂ ಇನ್ನೂ ಹೊಡೀತಾ ನಿಂತಿದ್ರು. ಎರಡನೇದು 31. ಮೂರನೇದ್ರಲ್ಲಿ ಹಣೆಗೆ ಕಟ್ಟಿದ ಬ್ಯಾಂಡ್ ಪೂರ್ತಿ ನೆಂದು ಹೋಗಿತ್ತು, ಪಿಸ್ತೂಲ್ ಎತ್ತಿದ ಹೊತ್ತಿಗೆ ಸರಿಯಾಗಿ ಬೆವರು ಬಲಗಡೆ ಗಾಜಿನ ಒಳಗೆ ಇಳೀತು, ಕನ್ನಡಕನೂ ಮೂಗಿಂದ ಜಾರ್ತು. ಅದನ್ನ ಒರೆಸಿ ಮತ್ತೆ ಉಸಿರು ಹಿಡಿಯೋಷ್ಟರಲ್ಲಿ ತಾಳ ಹೋಗಿತ್ತು, 47 ಆಯ್ತು, ಅಲ್ಲಿ ಇಬ್ರು ಮುಂದೆ ಹೋದ್ರು. ನಾಲ್ಕನೇದು 26, ನನ್ನ ಇವತ್ತಿನವರೆಗಿನ ಬೆಸ್ಟ್. ಒಟ್ಟು 132, ಮೊದಲ ಟ್ರಯಲ್‌ಗಿಂತ 59 ಸೆಕೆಂಡ್ ಕಮ್ಮಿ. ಐದು ತಿಂಗಳು ನಾಲೆ ಮೇಲೆ ಓಡಿ ಸುತ್ತಿಗೆ 8 ಸೆಕೆಂಡ್ ಇಳಿಸಿದ್ದು ಐದು ಸುತ್ತಿಗೆ 40 ಆಯ್ತು. ನಾಲ್ಕನೇ ಸ್ಥಾನ ಬಂತು, ಮೂರನೆಯವ್ರಿಗೂ ನಂಗೂ ಹನ್ನೊಂದು ಸೆಕೆಂಡ್ ವ್ಯತ್ಯಾಸ. ನನ್ನ ಕಣ್ಣ ಮುಂದೆ ಬರೀ ಆ ಮೂರನೇ ಶೂಟಿಂಗೇ ಬರ್ತಿತ್ತು.

ವಾಪಸ್ ಬರೋವಾಗ ಟ್ರೈನು ಶ್ರೀರಂಗಪಟ್ಟಣ ದಾಟಿತ್ತು, ಮಗಳು ನನ್ನ ಬ್ಯಾಂಡ್ ಹಿಂಡಿ ಕಿಟಕಿ ಕಂಬಿಗೆ ಒಣಗಾಕಿ "ಅಮ್ಮ, ಮುಂದಿನ ಸಲ ಎರಡು ತಗೊಂಡೋಗು, ಎರಡನೇ ಶೂಟಿಂಗ್ ಆದ್ಮೇಲೆ ಬದಲಾಯಿಸ್ಬಿಡು" ಅಂದ್ಲು. ಬ್ಯಾಂಡ್ ಬದಲಾಯಿಸೋಕೆ ಓಡುವಾಗ ನಾಲ್ಕು ಸೆಕೆಂಡೂ ಬೇಡ, ಮಂಗಳವಾರ ನಾಲೆ ಮೇಲೆ ಮಾಡಿ ನೋಡಿದೀನಿ. ಕನ್ನಡಕಕ್ಕೆ ಹಿಂದೆ ಕಟ್ಟೋ ದಾರನೂ ತಂದಾಯ್ತು.